ಪ್ಲಗ್ಗಿನ ಮೂಗಿಗೆ ವಿಭೂತಿ

ಆಗ ಗಾಡಿಗೆ ಏನಾಗಿದೆ ಎಂದು ತಿಳಿಯಲು ಯಾರೂ ಕಂಪ್ಯೂಟರಿಗೆ ತಂತಿ ಸಿಕ್ಕಿಸುತ್ತಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಮೂಗು ನೋಡುತ್ತಿದ್ದರು. ಮೂಗು ಎಂದರೆ ಎಂಜಿನ್ನಿನ ಒಳಗೆ, ಬೆಂಕಿಯ ಎದುರಿಗೇ ಇರುವ ಅದರ ಪಿಂಗಾಣಿ ತುದಿ. ಮೈಸೂರಿನ ಬನ್ನಿಮಂಟಪದಲ್ಲಿ ನಮ್ಮಪ್ಪನ ಮೆಕ್ಯಾನಿಕ್ ಶೆಡ್ಡಿತ್ತು. ಆ ಮೂಗು ನೋಡಿಸಿಕೊಳ್ಳಲೆಂದೇ ಜನ ಅಲ್ಲಿಗೆ ಬರುತ್ತಿದ್ದರು. ಡಾಕ್ಟರು ನಾಲಿಗೆ ಚಾಚಿಸಿ ನೋಡುವ ಹಾಗೆ ಅಪ್ಪ ಪ್ಲಗ್ಗನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದ. ಈ ಗಾಡಿ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ, ಇದಕ್ಕೆ ಗಾಳಿ ಸಾಲದು, ಇದರ ಯಜಮಾನ ಗೇರು ಬದಲಾಯಿಸಲು ಸೋಮಾರಿ ಎಂದು ಮುಖಕ್ಕೆ ಹೇಳಿಬಿಡುತ್ತಿದ್ದ. ಕಡೆಯದನ್ನು ಕೇಳಿ ಕೆಲವರು ಮುನಿಸಿಕೊಂಡು ಹೋಗುತ್ತಿದ್ದರು. ಮುಂದಿನ ತಿಂಗಳು ಮತ್ತೆ ಬರುತ್ತಿದ್ದರು.

ಶೆಡ್ಡಿನ ಹಿಂದೆಯೇ ನಮ್ಮ ಎರಡು ಕೋಣೆಯ ಮನೆ. ಸೀಮೆಎಣ್ಣೆ, ಗ್ರೀಸು, ಅವ್ವನ ಬೆಳ್ಳುಳ್ಳಿ ಒಗ್ಗರಣೆ ಎಲ್ಲ ಒಂದೇ ಗಾಳಿಯಲ್ಲಿ ಬರುತ್ತಿದ್ದವು. ಈಗಲೂ ಪೆಟ್ರೋಲ್ ಬಂಕಿನಲ್ಲಿ ನಿಂತರೆ ನನಗೆ ಹಸಿವಾಗುತ್ತದೆ. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದೆ. ಆಯಿಲು ಚೆಲ್ಲಿದ ಕಡೆ ಕಾಲು ಜಾರಿ ಬಿದ್ದು ಎಷ್ಟು ಲಂಗ ಹಾಳು ಮಾಡಿಕೊಂಡೆನೋ, ಅವ್ವ ಬಯ್ದದ್ದಕ್ಕಂತೂ ಲೆಕ್ಕವಿಲ್ಲ. ದಸರಾ ರಜೆ ಬಂತೆಂದರೆ ಪಂಜಿನ ಕವಾಯತಿನ ಮೈದಾನದಿಂದ ತಾಲೀಮಿನ ಬ್ಯಾಂಡು ಕೇಳಿಸುತ್ತಿತ್ತು. ಅದರ ತಾಳಕ್ಕೆ ಅಪ್ಪನ ಸ್ಪ್ಯಾನರು ಆಡುತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷದ ದಸರಾ ಅದು. ನನ್ನ ಕ್ಲಾಸಿನ ಹುಡುಗಿಯರ ಮನೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಕೂರಿಸುತ್ತಿದ್ದರು. ನಮ್ಮ ಮನೆಯಲ್ಲಿ ಆ ರೂಢಿ ಇರಲಿಲ್ಲ. ನಾನು ಹಟ ಹಿಡಿದಾಗ ಅಪ್ಪ ತಲೆ ಕೆರೆದುಕೊಂಡು, ಸತ್ತ ಪ್ಲಗ್ಗುಗಳ ಡಬ್ಬವನ್ನೇ ನನ್ನ ಮುಂದೆ ಸುರಿದ. ಆಯಿಲ್ ಟಿನ್ನುಗಳನ್ನು ಸಾಲಾಗಿ ಇಟ್ಟು, ಮೇಲೆ ಅವ್ವನ ಹಳೆಯ ಸೀರೆ ಹಾಸಿ, ಪ್ಲಗ್ಗುಗಳನ್ನು ನಿಲ್ಲಿಸಿದೆ. ಉದ್ದನೆಯದು ರಾಜ, ಗಿಡ್ಡನೆಯದು ರಾಣಿ, ಸ್ಕೂಟರಿನವು ಪೋಲೀಸರು. ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ ಹಿಡಿದು ಒಂದೊಂದರ ಮಸಿಯನ್ನೂ ಉಜ್ಜಿ ತೆಗೆದು, ಹೊಳೆಯಿಸಿ, ವಿಭೂತಿ ಇಟ್ಟೆ. ನಮ್ಮದು ಶಿವಪೂಜೆಯ ಮನೆ. ಊರಿನ ಮಠದಿಂದ ತಂದ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹಣೆಗಿಟ್ಟುಕೊಳ್ಳದೆ ಅಪ್ಪ ಒಂದು ನಟ್ಟನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ರಾಜ ರಾಣಿಯರೂ ನಮ್ಮ ಮನೆಯವರ ಹಾಗೆಯೇ ಇರಲಿ ಎಂಬುದು ನನ್ನ ತೀರ್ಮಾನ.

ಅದೇ ವಾರ ಯಾದವಗಿರಿ ಮೇಡಂ ತಮ್ಮ ಕಾರು ತಂದರು. ಮೇಡಂ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು, ಒಂಟಿಯಾಗಿದ್ದರು. ಅವರದು ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಮುಚ್ಚಿಗೆ, ಬಾಳೆಯೆಲೆ ಹಸಿರು ಬಣ್ಣ. ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಎಲ್ಲರೂ ಕಾರಿನಿಂದ ಇಳಿದರೆ ಮೇಡಂ ಆ ಕಾರಿನಿಂದ ಮೇಲಕ್ಕೆ ಹತ್ತಿ ಬರಬೇಕಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತು ಅವರು ವಿಷಯಕ್ಕೇ ಬಂದರು.

"ಮಾದೇವಪ್ಪ, ಹೋದ ವರ್ಷ ಚಾಮುಂಡಿಬೆಟ್ಟದ ಅರ್ಧದಲ್ಲಿ ಇದು ಕೂತ್ಬಿಡ್ತು ಕಣ್ರೀ. ಬಾಳೆಗೊನೆ ತುಂಬಿದ ಟೆಂಪೊಗೆ ಹಗ್ಗ ಕಟ್ಟಿಸ್ಕೊಂಡು ಇಳಿದು ಬಂದೆ. ದಾರೀಲಿ ನನ್ನ ಹಳೇ ಸ್ಟೂಡೆಂಟ್ಸ್ ಇಬ್ಬರು ನಮಸ್ಕಾರ ಬೇರೆ ಹೇಳಿದ್ರು."

ಅಪ್ಪ ನಗು ತಡೆದುಕೊಂಡ.

"ನನ್ನ ತಮ್ಮನ ಮಗ ಇದನ್ನ ಹಳೇ ಕಾರು ಕೂಡಿಡೋರ್ಯಾರಿಗೋ ಕೊಟ್ಬಿಡೋಣ ಅಂತಾನೆ. ನಾನು ಅವನಿಗೆ ಮಾತು ಕೊಟ್ಟಿದ್ದೀನಿ. ದಸರಾ ಆದ ಎರಡನೇ ಭಾನುವಾರ ಬೆಟ್ಟ ಹತ್ತಿಸ್ತೀನಿ. ನಿಲ್ಲದೆ ಹತ್ತಿದ್ರೆ ಕಾರು ನನ್ನ ಹತ್ರಾನೇ ಇರುತ್ತೆ. ನಿಂತ್ರೆ ಅವನು ತಗೊಂಡು ಹೋಗ್ಲಿ."

"ಹತ್ತುತ್ತೆ ಬುಡಿ ಮೇಡಂ," ಎಂದ ಅಪ್ಪ. ಅಷ್ಟು ಸುಲಭವಾಗಿ ಹೇಳಿದ್ದಕ್ಕೆ ಆಮೇಲೆ ಎಷ್ಟು ಒದ್ದಾಡಿದನೆಂದು ನನಗೆ ಗೊತ್ತು.

ತೊಂದರೆ ಇದ್ದದ್ದು ಪ್ಲಗ್ಗಿನ ಆಯ್ಕೆಯಲ್ಲಿ. ಕಾರಿನ ಪುಸ್ತಕದಲ್ಲಿ ಬರೆದಿದ್ದ ನಂಬರಿನ ಪ್ಲಗ್ಗು ಅಂಗಡಿಗಳಲ್ಲಿ ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಅದಕ್ಕೆ ಹೊಂದುವ ಬೇರೆಯದನ್ನು ಹುಡುಕಬೇಕು. ಪ್ಲಗ್ಗಿನಲ್ಲಿ ಬಿಸಿಯದು, ತಂಪಿನದು ಎಂದು ಜಾತಿಗಳಿವೆ. ಬಿಸಿ ಪ್ಲಗ್ಗು ಕಾವನ್ನು ಮೂಗಿನಲ್ಲೇ ಉಳಿಸಿಕೊಂಡು ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ನಿಧಾನವಾಗಿ ಓಡಾಡುವ ಗಾಡಿಗೆ ಅದು ಬೇಕು. ತಂಪು ಪ್ಲಗ್ಗು ಕಾವನ್ನು ಬೇಗ ಬಿಟ್ಟುಕೊಡುತ್ತದೆ. ಜೋರಾಗಿ ದುಡಿಯುವ ಎಂಜಿನ್ನಿಗೆ ಅದು ಸರಿ. ಮೇಡಂ ವರ್ಷವೆಲ್ಲ ಯಾದವಗಿರಿಯ ರಸ್ತೆಗಳಲ್ಲಿ ಎತ್ತಿನಗಾಡಿಯ ವೇಗದಲ್ಲಿ ತರಕಾರಿಗೆ ಹೋಗಿಬರುವವರು. ಒಂದೇ ಒಂದು ದಿನ ಬೆಟ್ಟ ಹತ್ತುವವರು. ಯಾವುದನ್ನು ಹಾಕುವುದು? ಸಾಲದ್ದಕ್ಕೆ ಒಂದು ಕಂಪನಿಯಲ್ಲಿ ನಂಬರು ಏರಿದಷ್ಟೂ ಪ್ಲಗ್ಗು ತಂಪು, ಇನ್ನೊಂದರಲ್ಲಿ ಏರಿದಷ್ಟೂ ಬಿಸಿ. ಅಪ್ಪ ಮೂರು ಸೆಟ್ಟು ತಂದು, ನಂಬರಿನ ಸಹವಾಸವೇ ಬೇಡವೆಂದು ಡಬ್ಬಗಳ ಮೇಲೆ ಸೀಮೆಸುಣ್ಣದಲ್ಲಿ 'ಬಿಸಿ', 'ಹದ', 'ತಂಪು' ಎಂದು ಬರೆದಿಟ್ಟ.

ಆಯುಧಪೂಜೆಯ ಹಿಂದಿನ ಸಂಜೆ 'ಹದ'ದ ನಾಲ್ಕನ್ನು ಕಾರಿಗೆ ಹಾಕಿ, ರಿಂಗ್ ರೋಡಿನ ಕಡೆ ಮೇಡಂ ಓಡಿಸುವಷ್ಟೇ ನಿಧಾನವಾಗಿ ಓಡಿಸಿ ತಂದು, ಬಿಸಿ ಆರುವ ಮೊದಲೇ ಬಿಚ್ಚಿದ. ನಾಲ್ಕು ತೂತಿನ ಒಂದು ಹಲಗೆ ಇತ್ತು; ಯಾವ ಸಿಲಿಂಡರಿನದೆಂದು ಮರೆಯದಂತೆ ಅದರಲ್ಲಿ ಸಾಲಾಗಿ, ಮೂಗು ಮೇಲಾಗಿ ನಿಲ್ಲಿಸಿದ. ಅಷ್ಟರಲ್ಲಿ ಕತ್ತಲಾಯಿತು. ಪ್ಲಗ್ಗು ನೋಡುವುದರಲ್ಲಿ ಅಪ್ಪನಿಗೆ ಎರಡು ನೇಮ. ಹಗಲ ಬೆಳಕಿನಲ್ಲಿ ಮಾತ್ರ ನೋಡಬೇಕು, ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ. ಮೂಗನ್ನು ನೋಡಬೇಕೇ ಹೊರತು ಕೈಯಿಂದ ಮುಟ್ಟಬಾರದು. ಹಾಗಾಗಿ ಹಲಗೆಯನ್ನು ಗೂಡಿನಲ್ಲಿಟ್ಟು ಮನೆಯೊಳಗೆ ಬಂದ.

ಮಾರನೆಯ ದಿನ ಆಯುಧಪೂಜೆ. ಶೆಡ್ಡು ತೊಳೆದು, ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲವನ್ನೂ ಚಾಪೆಯ ಮೇಲೆ ಜೋಡಿಸಿ ಪೂಜೆ ಮಾಡಿದರೆ, ಮಾರನೆಯ ಬೆಳಿಗ್ಗೆ ಪೂಜೆ ಎತ್ತುವ ತನಕ ಯಾರೂ ಅವನ್ನು ಮುಟ್ಟುವಂತಿಲ್ಲ. ಪ್ಲಗ್ಗಿನ ಹಲಗೆಯೂ ಆ ಸಾಲಿನಲ್ಲಿ ಕೂತಿತು. ಅಪ್ಪ ಬೂದುಗುಂಬಳಕಾಯಿ ತರಲು ಹೋದ. ಅವ್ವ ಒಳಗೆ ಹೆಸರುಬೇಳೆ ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದಳು. ಅಲ್ಲೇ ಕೂತು ಸೇವಂತಿಗೆ ಹೂ ಬಿಡಿಸುತ್ತಿದ್ದ ನನ್ನ ಕಣ್ಣಿಗೆ ಆ ನಾಲ್ಕು ಮಸಿ ಮೂಗುಗಳು ಬಿದ್ದವು.

ಎಲ್ಲ ಆಯುಧಗಳೂ ಮಿಂದು ಮಡಿಯಾಗಿ ಕೂತಿರುವಾಗ ಇವು ಮಾತ್ರ ಹೀಗೆ, ಅದೂ ಮೇಡಂ ಕಾರಿನವು! ಬ್ರಷ್ಷು ತಂದು, ಸೀಮೆಎಣ್ಣೆಯಲ್ಲಿ ಅದ್ದಿ, ನಾಲ್ಕನ್ನೂ ಉಜ್ಜಿದೆ. ಬಟ್ಟಲಲ್ಲಿ ತೇಯ್ದಿಟ್ಟಿದ್ದ ವಿಭೂತಿಯನ್ನು ಬೆರಳಲ್ಲಿ ಅದ್ದಿ ಮೂಗಿಗೆ ಬಳಿದೆ. ಮೂರು ಗೆರೆ ಎಳೆಯಲು ಜಾಗ ಸಾಲದ್ದರಿಂದ ಪೂರ್ತಿಯೇ ಬಳಿದುಬಿಟ್ಟೆ. ಹಲಗೆಯನ್ನು ಇದ್ದ ಹಾಗೆಯೇ ಇಟ್ಟು, ಅದರ ಮೇಲೊಂದು ಹೂ ಇಟ್ಟು, ಒಳ್ಳೆಯ ಕೆಲಸ ಮಾಡಿದವಳ ಗತ್ತಿನಲ್ಲಿ ಪಾಯಸದ ಪಾತ್ರೆಯ ಕಡೆಗೆ ಹೋದೆ.

ವಿಜಯದಶಮಿಯ ಬೆಳಿಗ್ಗೆ ಪೂಜೆ ಎತ್ತಿ, ಹೂ ಕೊಡವಿ, ಅಪ್ಪ ಹಲಗೆಯನ್ನು ಬಿಸಿಲಿಗೆ ತಂದ. ನೀರು ಆರಿದ ವಿಭೂತಿ ಮೂಗುಗಳ ಮೇಲೆ ಬೂದು ಬಿಳುಪಾಗಿ ಹಿಡಿದುಕೊಂಡಿತ್ತು. ಅಪ್ಪ ಬಹಳ ಹೊತ್ತು ಬಗ್ಗಿ ನೋಡಿದ. ಒಳಗಿಂದ ಭೂತಗನ್ನಡಿ ತಂದು ಮತ್ತೆ ನೋಡಿದ.

"ಸುಟ್ಟೋಗವೆ ಕಣಮ್ಮ," ಎಂದ ಅವ್ವನಿಗೆ. "ನಾಲ್ಕೂ ಬಿಳಿ ಬೂದಿ. ಎಂಜಿನ್ನು ಇಷ್ಟೊಂದು ಕಾಯ್ತಾ ಇದ್ರೆ ಬೆಟ್ಟದಲ್ಲಿ ಪಿಸ್ಟನ್ನೇ ಕರಗೋಗುತ್ತೆ."

ಹೇಳಬೇಕಿದ್ದದ್ದು ಆಗಲೇ. ನನಗೆ ಗೊತ್ತಿತ್ತು, ಬಾಯಿ ಮಾತ್ರ ಬರಲಿಲ್ಲ. ಅಪ್ಪ ಎಂದೂ ಹೊಡೆದವನಲ್ಲ. ಆದರೆ ಪೂಜೆಗಿಟ್ಟದ್ದನ್ನು ಮುಟ್ಟಿದ್ದೆ, ಮುಟ್ಟಬಾರದ ಮೂಗನ್ನು ಮುಟ್ಟಿದ್ದೆ. ಒಂದು ತಪ್ಪಾದರೆ ಹೇಳಬಹುದಿತ್ತು. ಬೇರೆ ಪ್ಲಗ್ಗು ಹಾಕಿದರೆ ಎಲ್ಲ ತಾನೇ ಸರಿಹೋಗುತ್ತದೆ ಎಂದು ಸುಮ್ಮನಾದೆ. ಮಕ್ಕಳಿಗೆ ಮುಗ್ಧತೆ ಎನ್ನುತ್ತಾರಲ್ಲ, ಅದರಲ್ಲಿ ಅರ್ಧ ಇಂಥ ಲೆಕ್ಕಾಚಾರವೇ.

ಅಪ್ಪ 'ತಂಪು' ಎಂದು ಬರೆದ ಡಬ್ಬ ಒಡೆದು ಆ ನಾಲ್ಕನ್ನು ಹಾಕಿದ. ಮೇಡಂ ಕಾರು ತೆಗೆದುಕೊಂಡು ಹೋದರು. ಎರಡು ದಿನ ಕೆಮ್ಮುತ್ತ ಓಡಿದ ಕಾರು ಮೂರನೆಯ ದಿನ ಯಾದವಗಿರಿಯ ಏರಿನಲ್ಲಿ ಕರಿ ಹೊಗೆ ಬಿಟ್ಟು ನಿಂತಿತು. ಅಪ್ಪ ಹೋಗಿ ತಳ್ಳಿಸಿಕೊಂಡು ಬಂದ. ಬಿಚ್ಚಿ ನೋಡಿದರೆ ನಾಲ್ಕು ಮೂಗುಗಳೂ ಹಸಿ ಮಸಿಯಲ್ಲಿ ಮುಳುಗಿದ್ದವು.

ಅಪ್ಪ ಆ ರಾತ್ರಿ ಮುದ್ದೆಯ ಮುಂದೆ ಕೂತು ಮುರಿಯಲೇ ಇಲ್ಲ. "ಮೊನ್ನೆ ಬಿಳಿ, ಇವತ್ತು ಕರಿ. ಒಂದೇ ಎಂಜಿನ್ನು ಎಂಗೆ ಎರಡು ಮಾತಾಡುತ್ತೆ? ಒಳಗೆ ಆಯಿಲ್ ನುಗ್ತಾ ಇರ್ಬೇಕು, ತಲೆ ಬಿಚ್ಚಿ ನೋಡ್ಬೇಕು," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಇಲ್ಲಾ ನನ್ನ ಕಣ್ಣೇ ಕೈಕೊಡ್ತಾ ಅದೆ. ಇನ್ಮೇಲೆ ಪ್ಲಗ್ ನೋಡಿ ಹೇಳೋದು ಬುಟ್ಬುಡ್ತೀನಿ," ಎಂದ. ಅವ್ವ ಸಾರು ಬಡಿಸುತ್ತಿದ್ದ ಕೈ ಹಾಗೆಯೇ ನಿಲ್ಲಿಸಿದಳು. ನಾನು ನನ್ನ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮಾರನೆಯ ದಿನ ಮೇಡಂಗೆ ವಿಷಯ ತಿಳಿಸಿದ. ಎಂಜಿನ್ನಿನ ತಲೆ ಬಿಚ್ಚಿದರೆ ಅದರಡಿಯ ತೆಳು ಹಾಳೆಯಂಥ ಗ್ಯಾಸ್ಕೆಟ್ಟು ಹರಿಯುವುದು ಖಂಡಿತ. ಅದು ಇಲ್ಲಿ ಸಿಗುವ ಮಾಲಲ್ಲ; ತರಿಸಲು ತಿಂಗಳುಗಳೇ ಬೇಕು. ಅಂದರೆ ಭಾನುವಾರದ ಬೆಟ್ಟ ಇಲ್ಲ, ಕಾರು ತಮ್ಮನ ಮಗನ ಪಾಲು.

"ಸರಿ ಬಿಡಿ. ಬೆಳಿಗ್ಗೆ ಬಂದು ಸೀಟಿನ ಕೆಳಗಿರೋ ನನ್ನ ಸಾಮಾನು ತಗೊಂಡು ಹೋಗ್ತೀನಿ," ಎಂದಷ್ಟೇ ಹೇಳಿದರು.

ಬುಧವಾರ ಬೆಳಿಗ್ಗೆ ಅವರು ಬಂದರು. ಸೀಟಿನ ಕೆಳಗಿಂದ ಒಂದು ಛತ್ರಿ, ಒಂದು ಜೊತೆ ಕೈಗವಸು, ಖಾಲಿ ಪೆಪ್ಪರ್‌ಮಿಂಟ್ ಡಬ್ಬ ತೆಗೆದು ಚೀಲಕ್ಕೆ ಹಾಕಿಕೊಂಡರು. ಸ್ಟಿಯರಿಂಗನ್ನು ಸೆರಗಿನ ತುದಿಯಿಂದ ಒಂದು ಸಲ ಒರೆಸಿದರು, ಅದರ ಮೇಲೆ ಧೂಳೇ ಇರಲಿಲ್ಲ. ಅಪ್ಪ ಬಾನೆಟ್ಟು ಎತ್ತಿ ನಿಲ್ಲಿಸಿದ. ದೊಡ್ಡ ಸ್ಪ್ಯಾನರನ್ನು ಮೊದಲನೆಯ ನಟ್ಟಿಗೆ ಕೂರಿಸಿ, ಬಲ ಹಾಕಲು ಕಾಲು ಊರಿಕೊಂಡ.

"ಅಪ್ಪ, ಅದು ವಿಭೂತಿ."

ನನ್ನ ದನಿ ನನಗೇ ಬೇರೆಯವರದೆನ್ನಿಸಿತು. ಅಪ್ಪ ತಿರುಗಿ ನೋಡಿದ.

"ಯಾವ್ದು?"

"ಮೊದ್ಲು ಬಿಚ್ಚಿದ್ದ ಪ್ಲಗ್ಗು. ಬಿಳೀದು. ಆಯುಧಪೂಜೆ ದಿನ ನಾನೇ ಉಜ್ಜಿ ವಿಭೂತಿ ಬಳಿದೆ."

ಸ್ಪ್ಯಾನರು ನಟ್ಟಿನ ಮೇಲೆಯೇ ಇತ್ತು. ಅಪ್ಪ ಅದನ್ನು ಅಲ್ಲೇ ಬಿಟ್ಟು, ಗೂಡಿನಿಂದ ಹಲಗೆ ತಂದು, ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ, ತನ್ನ ನೇಮವನ್ನು ತಾನೇ ಮುರಿದು ಒಂದು ಪ್ಲಗ್ಗಿನ ಮೂಗನ್ನು ಮುಟ್ಟಿದ. ಸುಟ್ಟ ಬಿಳುಪು ಒರೆಸಿದರೆ ಹೋಗುವುದಿಲ್ಲ. ಇದು ಹೋಯಿತು. ಬೆರಳಿಗೆ ಹತ್ತಿದ್ದನ್ನು ಮುಂಗೈ ಮೇಲೆ ಎಳೆದ. ದಿನವೂ ಬೆಳಿಗ್ಗೆ ತಾನೇ ಎಳೆದುಕೊಳ್ಳುವ ಗೆರೆ ಅಲ್ಲಿ ಮೂಡಿತು.

ಅಪ್ಪ ಅಲ್ಲಿದ್ದ ಆಯಿಲ್ ಟಿನ್ನಿನ ಮೇಲೆ ಕೂತ. ನಾನು ಏಟಿಗಾಗಿ ಕಾದೆ, ಅದು ಬಿದ್ದಿದ್ದರೆ ವಾಸಿಯಿತ್ತು. ಅವನು ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಯಲ್ಲಿ ಬೆರಳು ಬೆರಳಾಗಿ ಒರೆಸಿಕೊಂಡು, ನನ್ನನ್ನು ಹತ್ತಿರ ಕರೆದ.

"ಎಷ್ಟು ದಿವ್ಸದಿಂದ ಇದ್ನ ಹೊಟ್ಟೇಲಿ ಇಟ್ಕೊಂಡಿದ್ದೀಯೆ, ಕೂಸೇ?"

"ಆರು ದಿವ್ಸ."

"ಆರು ದಿವ್ಸ," ಎಂದ ಅಪ್ಪ, ಮೇಡಂ ಕಡೆ ತಿರುಗಿ. "ಅದ್ಕೇ ಇದು ಊಟ ಬುಟ್ಟಿದ್ದು. ನಾನು ಜ್ವರ ಬಂದದೆ ಅನ್ಕೊಂಡಿದ್ದೆ."

ಆಗ ನನಗೆ ಅಳು ಬಂತು. ಹೆದರಿಕೆಯ ಅಳುವಲ್ಲ, ಹೊಟ್ಟೆಯೊಳಗಿದ್ದ ಕಲ್ಲನ್ನು ಯಾರೋ ಎತ್ತಿ ಹೊರಗಿಟ್ಟಾಗಿನ ಅಳು. ಅಪ್ಪನ ಅಂಗಿಗೆ ಮುಖ ಒತ್ತಿ ಸಾಕಾಗುವಷ್ಟು ಅತ್ತೆ. ಅವನೂ ಒಂದು ದೊಡ್ಡ ಉಸಿರು ಬಿಟ್ಟ. ಕಣ್ಣು ಕೈಕೊಟ್ಟಿರಲಿಲ್ಲವಲ್ಲ.

ಮೇಡಂ ಪ್ಲಗ್ಗನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿ ಹೇಳಿದರು: "ಮೂವತ್ತು ವರ್ಷ ಲ್ಯಾಬಿನಲ್ಲಿ ಹುಡುಗರು ಸ್ಯಾಂಪಲ್ ಕೆಡಿಸೋದು ನೋಡಿದ್ದೀನಿ ಕಣೆ. ಪೂಜೆ ಮಾಡಿ ಕೆಡಿಸಿದವಳು ನೀನೇ ಮೊದಲು." ಆಮೇಲೆ ಚೀಲದಿಂದ ಛತ್ರಿ, ಕೈಗವಸು, ಪೆಪ್ಪರ್‌ಮಿಂಟ್ ಡಬ್ಬ ತೆಗೆದು ಒಂದೊಂದನ್ನಾಗಿ ಮತ್ತೆ ಸೀಟಿನ ಕೆಳಗೆ ಸೇರಿಸಿದರು.

ಆದರೆ ಪ್ಲಗ್ಗು ಹೇಳಬೇಕಿದ್ದ ಮಾತನ್ನು ನಾನು ಸೀಮೆಎಣ್ಣೆಯಲ್ಲಿ ತೊಳೆದುಬಿಟ್ಟಿದ್ದೆ. ಅಪ್ಪ ನನ್ನನ್ನೇ ಕೇಳಿದ.

"ಉಜ್ಜೋಕೆ ಮುಂಚೆ ಯಾವ ಬಣ್ಣ ಇತ್ತು? ಯೋಚ್ನೆ ಮಾಡಿ ಹೇಳು."

"ಕಪ್ಪು."

"ಹಸಿ ಮಸಿಯೋ, ಒಣ ಮಸಿಯೋ?"

ಕಣ್ಣು ಮುಚ್ಚಿ ಬೆರಳುಗಳನ್ನು ಉಜ್ಜಿಕೊಂಡೆ. "ಒಣ. ಅವ್ವನ ರೊಟ್ಟಿ ಹಂಚಿನ ತಳ ಇರಲ್ವಾ, ಅಂಗೆ. ಬ್ರಷ್ ಮುಟ್ಟಿಸಿದ ಕೂಡ್ಲೆ ಪುಡಿಪುಡಿ ಉದುರ್ತು."

"ನಾಲ್ಕೂ?"

"ನಾಲ್ಕೂ."

ಅಪ್ಪನ ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕು ಕಂಡಿತು. ಒಣ ಮಸಿ ಎಂದರೆ ಆಯಿಲು ನುಗ್ಗುತ್ತಿಲ್ಲ, ಎಂಜಿನ್ನು ಗಟ್ಟಿಯಾಗಿದೆ. ಮೇಡಂ ಓಡಿಸುವ ಆಮೆ ನಡಿಗೆಗೆ 'ಹದ'ವೇ ತಂಪಾಗಿತ್ತು. ಅಂಥದ್ದಕ್ಕೆ ಅಪ್ಪ ಇನ್ನೂ ತಂಪಿನದನ್ನು ಹಾಕಿದ್ದ; ಮಸಿ ಸುಡದೆ ಪೆಟ್ರೋಲಿನಲ್ಲಿ ನೆನೆದು ಕೂತಿತ್ತು. ನಟ್ಟಿನ ಮೇಲಿದ್ದ ಸ್ಪ್ಯಾನರನ್ನು ತೆಗೆದಿಟ್ಟು 'ಬಿಸಿ'ಯ ಡಬ್ಬ ಒಡೆದ. ತೆಳು ತಗಡಿನ ಬಿಲ್ಲೆ ಇಟ್ಟು ಕಿಡಿ ಹಾರುವ ಸಂದನ್ನು ಅಳೆದು, ಒಂದೊಂದನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿದ. ಕಾರು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅದರ ಸದ್ದು ಕೇಳಿ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಭಾನುವಾರ ಬೆಳಗಿನ ಮಂಜು ಆರುವ ಮೊದಲೇ ಹೊರಟೆವು. ಮೇಡಂ ಸ್ಟಿಯರಿಂಗಿನಲ್ಲಿ, ಅಪ್ಪ ಪಕ್ಕದಲ್ಲಿ, ಸೀಟುಗಳ ಹಿಂದಿನ ಸಂದಿನಲ್ಲಿ ಮಂಡಿ ಮಡಚಿಕೊಂಡು ನಾನು. ಅಪ್ಪನಿಗೆ ಒಂದು ಭಯ ಉಳಿದಿತ್ತು. ಬಿಸಿ ಪ್ಲಗ್ಗು ಊರೊಳಗೆ ಸರಿ, ಬೆಟ್ಟದಲ್ಲಿ ಮಿತಿಮೀರಿ ಕಾದರೆ ಎಂದು ದಾರಿಯುದ್ದಕ್ಕೂ ಕಿವಿ ಬಾನೆಟ್ಟಿನ ಕಡೆಗೇ ಇಟ್ಟಿದ್ದ. ಹೋದ ವರ್ಷ ನಿಂತಿದ್ದ ತಿರುವು ಬಂದಾಗ ಮೇಡಂ, "ಇಲ್ಲೇ," ಎಂದರು. ಮೇಡಂ ಗೇರು ಇಳಿಸಿದರು, ಕಾರು ಒಮ್ಮೆ ಗುಡುಗಿ ತಿರುವು ದಾಟಿತು. ಇನ್ನೊಂದು ತಿರುವು, ಮತ್ತೊಂದು. ಗೋಪುರ ಕಣ್ಣಿಗೆ ಬೀಳುತ್ತಿದ್ದಂತೆ ಮೇಡಂ ಹಾರನ್ನು ಒತ್ತಿ ಹಿಡಿದುಬಿಟ್ಟರು. ಮಂಗಗಳು ಮರ ಹತ್ತಿದವು.

ಮೇಲೆ ನಿಲ್ಲಿಸಿ, ಅಪ್ಪ ಬಟ್ಟೆ ಸುತ್ತಿ ಒಂದು ಪ್ಲಗ್ಗನ್ನು ಬಿಚ್ಚಿ, ತಾನು ನೋಡದೆ ಬಿಸಿಲಿಗೆ ನನ್ನ ಮುಂದೆ ಹಿಡಿದ. "ನೋಡಿ ಹೇಳು. ಮುಟ್ಬೇಡ."

"ಉಪ್ಪಿಟ್ಟಿಗೆ ಹುರಿದ ರವೆ ಬಣ್ಣ," ಎಂದೆ.

"ಅಷ್ಟೇ ಬೇಕಾಗಿದ್ದು," ಎಂದ ಅಪ್ಪ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ಮೂವರೂ ಹೋಟೆಲಿನಲ್ಲಿ ಇಡ್ಲಿ ತಿಂದೆವು. ನಾನು ಎಷ್ಟು ತಿಂದೆನೆಂದು ಅಪ್ಪ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದ.

ಮೇಡಂ ಆ ಕಾರನ್ನು ಇನ್ನೂ ಬಹಳ ವರ್ಷ ಓಡಿಸಿದರು. ಕ್ಲಚ್ಚು ತುಳಿಯಲು ಮಂಡಿ ಒಪ್ಪದಾದಾಗ ಯಾರ ಮಾತಿಗೂ ಕಾಯದೆ ತಾವೇ ತಮ್ಮನ ಮಗನಿಗೆ ಕೊಟ್ಟರು. ನಮ್ಮ ಶೆಡ್ಡಿದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿಯಿದೆ. ನನ್ನ ಕಾರಿನ ಪ್ಲಗ್ಗುಗಳ ಮುಖವನ್ನೇ ನಾನು ಕಂಡಿಲ್ಲ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆಲ್ಲೋ ಅವು ತಮ್ಮ ಪಾಡಿಗೆ ಇವೆ. ಕಾರು ದಿನವೂ ಹೊರಡುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.

ನಾನು ಈಗ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹೋದ ವರ್ಷ ಒಂದು ಶನಿವಾರ, ಫ್ರಿಜ್ಜಿನಲ್ಲಿಡಬೇಕಾದ ರಾಸಾಯನಿಕದ ಬಾಟಲಿಯನ್ನು ಹೊರಗೇ ಬಿಟ್ಟು ಬಂದದ್ದು ಮನೆ ಸೇರಿದ ಮೇಲೆ ನೆನಪಾಯಿತು. ಭಾನುವಾರ ಲ್ಯಾಬಿಗೆ ಬೀಗ. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಹೇಳಿದೆ. ಬಾಟಲಿಯನ್ನು ಎಸೆದರು, ಯಾರಿಗೂ ತೊಂದರೆಯಾಗಲಿಲ್ಲ. ಯಾವ ಬ್ಯಾಚು, ಎಷ್ಟು ಗಂಟೆ ಹೊರಗಿತ್ತು ಎಂದು ಮರ್ಯಾದೆಯಿಂದಲೇ ಕೇಳಿ, ಫಾರಂ ತುಂಬಿಸಿ, ಸಹಿ ಹಾಕಿಸಿಕೊಂಡರು. ಅವರ ಕೆಲಸ ಅವರು ಸರಿಯಾಗಿಯೇ ಮಾಡಿದರು.

ಆ ಎರಡು ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ. ಬಾಟಲಿ ಎಷ್ಟು ಗಂಟೆ ಹೊರಗಿತ್ತೆಂದು ಎಲ್ಲರೂ ಕೇಳಿದರು. ಅದನ್ನು ನಾನು ಎಷ್ಟು ಹೊತ್ತು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳುತ್ತಿದ್ದವನು ಒಬ್ಬನೇ ಇದ್ದ, ಅವನು ಹೋಗಿ ನಾಲ್ಕು ವರ್ಷವಾಯಿತು.